ಗಂಧ ಹಚ್ಚಿದ ಫ್ಲಾಪಿ

ನಾನು ಹುಟ್ಟಾ ಪುಕ್ಕಲಿ. ಹಲ್ಲಿ ಲೊಚಗುಟ್ಟಿದರೂ ಎದೆ ಹೊಡೆದುಕೊಳ್ಳುತ್ತಿತ್ತು. ಅಂಥವಳ ಕೈಗೆ ಕುರಿಚಿಯ ಒಂದು ಫೌಂಡ್ರಿಯವರು ತಮ್ಮಲ್ಲಿದ್ದ ಒಂದೇ ಒಂದು ಕಂಪ್ಯೂಟರನ್ನು ಒಪ್ಪಿಸಿದ್ದರು. ಎಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ನನಗೆ ಇಪ್ಪತ್ತೊಂದು ವರ್ಷ. ಟೈಪಿಂಗ್ ಪಾಸು ಮಾಡಿ, ಗಾಂಧಿಪುರದ ಒಂದು ಮಹಡಿ ಕೋಣೆಯಲ್ಲಿ ಆರು ತಿಂಗಳು ಕಂಪ್ಯೂಟರ್ ಕಲಿತಿದ್ದೆ ಅನ್ನುವುದಷ್ಟೇ ನನ್ನ ಯೋಗ್ಯತೆ.

ನಮ್ಮದು ತುಡಿಯಲೂರಿನ ನೇಕಾರರ ಮನೆ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಕನ್ನಡದ ಒಂದಕ್ಷರವೂ ನಮಗೆ ಓದಲು ಬರುತ್ತಿರಲಿಲ್ಲ; ಈಗ ಬರೆಯುತ್ತಿರುವ ಈ ಲಿಪಿಯನ್ನು ನಾನು ಮೂವತ್ತು ದಾಟಿದ ಮೇಲೆ ಕಲಿತೆ. ಅಪ್ಪ ನಲವತ್ತೆಂಟನೇ ವಯಸ್ಸಿನವರೆಗೂ ಮಗ್ಗದ ಗುಂಡಿಯಲ್ಲಿ ಕಾಲಿಳಿಬಿಟ್ಟುಕೊಂಡು ಸೀರೆ ನೇಯ್ದವನು. ನೂಲು ಬರುವುದು ನಿಂತಾಗ ಲಾಳಿಯನ್ನು ಗೂಡಿನಲ್ಲಿಟ್ಟು ಅದೇ ಫೌಂಡ್ರಿಗೆ ಹೋಗಿ ಮರಳಿನ ಅಚ್ಚು ಮಾಡುವ ಕೆಲಸಕ್ಕೆ ಸೇರಿದ. ಅಲ್ಲಿ ಟೈಪಿಂಗ್ ಬಲ್ಲ ಹುಡುಗಿ ಬೇಕಂತೆ ಎಂದು ನನಗೆ ಸುದ್ದಿ ತಂದವನೂ ಅವನೇ.

ಮಗ್ಗವನ್ನು ಮಾತ್ರ ಅಪ್ಪ ಬಿಚ್ಚಿರಲಿಲ್ಲ. ನೇಕಾರರಲ್ಲಿ ಒಂದು ಪದ್ಧತಿ ಇದೆ. ಹಾಸು, ಅಂದರೆ ಮಗ್ಗಕ್ಕೆ ಉದ್ದಕ್ಕೆ ಕಟ್ಟಿದ ನೂಲು, ಮುಗಿದು ಕೊನೆಯ ಸೀರೆ ಕೊಯ್ದು ತೆಗೆಯುವಾಗ ಹಣಿಗೆಯ ಹಲ್ಲುಗಳಲ್ಲಿ ಹಳೆಯ ಎಳೆಗಳ ತುದಿಯನ್ನು ಒಂದು ಗೇಣು ಹಾಗೇ ಬಿಟ್ಟಿರುತ್ತಾರೆ. ಮುಂದಿನ ಹಾಸಿನ ಒಂದೊಂದು ಎಳೆಯನ್ನೂ ಆ ತುದಿಗಳಿಗೆ ಹೊಸೆದು ಎಳೆದುಕೊಂಡರೆ ಸಾಕು, ಮಗ್ಗ ಮತ್ತೆ ನಡೆಯುತ್ತದೆ. ತುದಿ ಕಿತ್ತು ಹಾಕಿದರೆ ಸಾವಿರಾರು ಎಳೆಗಳನ್ನು ಮೊದಲಿಂದ ಪೋಣಿಸಬೇಕು. 'ಹೊಸ್ದು ಕಟ್ಟಾಗೋ ತನ್ಕ ಹಳೇದ್ನ ಕುಯ್ಯಬ್ಯಾಡ' ಎಂದು ಅಪ್ಪ ನಮ್ಮ ಎಳವೆಯಿಂದಲೂ ಹೇಳುತ್ತಿದ್ದ. ಎರಡು ವರ್ಷದಿಂದ ಆ ತುದಿಗಳು ಧೂಳು ಹಿಡಿದು ಕಾದಿದ್ದವು. ಫೌಂಡ್ರಿಯಲ್ಲಿ ಕೆಲಸ ಕಾಯಂ ಆಗದಿದ್ದರೆ ಅವನು ಮತ್ತೆ ಗುಂಡಿಗೆ ಇಳಿಯಬೇಕಿತ್ತು.

ಕಾಯಂ ಆಗಲು ಎರಡು ವರ್ಷದಲ್ಲಿ ನಾನೂರ ಎಂಬತ್ತು ದಿನ ಕೆಲಸ ಮಾಡಿರಬೇಕು. ಆ ದಿನಗಳ ಲೆಕ್ಕ ಇದ್ದದ್ದು ನನ್ನ ಕಂಪ್ಯೂಟರಿನಲ್ಲಿ. ಹಂಗಾಮಿ ಕೆಲಸಗಾರರ ಹಾಜರಿ ಕಾರ್ಡುಗಳನ್ನೆಲ್ಲ ನಾನೇ ಒಂದೊಂದಾಗಿ ಹೊಡೆದು ತುಂಬಿಸಿದ್ದೆ. ತುಂಬಿಸಿದ ಕಾರ್ಡುಗಳಿಂದ ಕೋಣೆಗೆ ಧೂಳು ಬರುತ್ತದೆ, ತೆಗೆಸಿ ಎಂದು ಮ್ಯಾನೇಜರಿಗೆ ಹೇಳಿದವಳೂ ನಾನೇ. ಅವರು ಕಬ್ಬಿಣ ಕರಗಿಸುವ ಕುಲುಮೆ ಹೊತ್ತಿಸುವಾಗ ಸೌದೆಯ ಜೊತೆಗೆ ಎಲ್ಲವನ್ನೂ ಒಟ್ಟಿ ಬೆಂಕಿಗೆ ಹಾಕಿಸಿದ್ದರು. ಶನಿವಾರ ಕಾಯಂ ಆಗುವವರ ಪಟ್ಟಿ ಅಚ್ಚು ಹಾಕಿ ಮೊದಲಾಳಿಯ, ಅಂದರೆ ಮಾಲೀಕರ, ಮೇಜಿನ ಮೇಲಿಡಬೇಕು ಎಂದು ಹೇಳಿಯಾಗಿತ್ತು. ಈ ಕತೆ ನಡೆದದ್ದು ಆ ಶನಿವಾರದ ಹಿಂದಿನ ಐದು ದಿನಗಳಲ್ಲಿ.

ಅದಕ್ಕೂ ಒಂದು ವಾರ ಮುಂಚೆ ಮ್ಯಾನೇಜರ್ ಎಲ್ಲಿಂದಲೋ ಆಟದ ಫ್ಲಾಪಿಯೊಂದನ್ನು ತಂದು ಹಾಕಿ ಅರ್ಧ ಗಂಟೆ ಆಡಿದ್ದರು. ಮರುದಿನದಿಂದ ಪರದೆಯ ಮೇಲೆ ಒಂದು ಬೆಳಕಿನ ಚುಕ್ಕಿ ಓಡಾಡಲು ಶುರುವಾಯಿತು. ನಾನು ಹೆಸರುಗಳನ್ನು ಹೊಡೆಯುತ್ತಿದ್ದರೆ ಅದು ಮೂಲೆಯಿಂದ ಮೂಲೆಗೆ ಪುಟಿಯುತ್ತಾ ಬರುತ್ತಿತ್ತು. ಕಂಪ್ಯೂಟರಿಗೂ ವೈರಸ್ ಬರುತ್ತದೆ ಎಂದು ಆಗಷ್ಟೇ ಪೇಪರಿನಲ್ಲಿ ಓದಿದ್ದೆ. ಅಪ್ಪನ ಹೆಸರಿನ ಸಾಲಿನ ಮೇಲೆ ಆ ಚುಕ್ಕಿ ಹಾದುಹೋದಾಗ ಮ್ಯಾನೇಜರನ್ನು ಕರೆದು ತೋರಿಸಿದೆ. ಹೆದರುವವರ ಮೇಲೆ ಕಪ್ಪೆ ಎಸೆದ ಹಾಗೆ, ಮ್ಯಾನೇಜರ್ ಬಾಗಿಲು ಹಾಕಿಕೊಂಡು ತಮಿಳಿನಲ್ಲಿ ಪಿಸುಗುಟ್ಟಿದರು: "ಮೊದಲಾಳಿಗೆ ತಿಳಿಯಬಾರದಮ್ಮಾ. ನೀನೇ ಏನಾದರೂ ಮಾಡಿ ತೆಗೆದುಬಿಡು."

ಮನೆಯಲ್ಲಿ ಹೇಳಿದ್ದೇ ತಪ್ಪಾಯಿತು. ಅವ್ವ ಅದನ್ನು ಅಮ್ಮನ ಕಾಯಿಲೆ, ಸಿಡುಬು, ಎಂದೇ ತಿಳಿದಳು. ಮರುದಿನ ನನ್ನ ಊಟದ ಡಬ್ಬಿಯ ಮೇಲೆ ಬೇವಿನ ಸೊಪ್ಪಿನ ಒಂದು ಎಸಳಿತ್ತು.

"ಇದ್ನ ಆ ಮಿಷಿನ್ ಮ್ಯಾಲೆ ಇಡು. ಮನೇಗ್ ಬಂದ್ರೆ ಹಿತ್ತಲ್ ಕಡೆಯಿಂದ ಬಾ, ಕೈಕಾಲ್ ತೊಳ್ಕಂಡು," ಅಂದಳು.

"ಅದು ಮನುಷ್ಯರ್ಗೆ ಅಂಟ್ಕಳಲ್ಲವ್ವ."

"ನಿಂಗೆ ಯಾರ್ ಹೇಳಿದ್ರು? ಪೇಪರ್‌ನಾಗ್ ಹಾಕಿದಾರಾ?"

ಹಾಕಿರಲಿಲ್ಲ. ನಗುತ್ತಲೇ ಬೇವನ್ನು ಒಯ್ದು ಪರದೆಯ ಹಿಂದೆ ಸಿಕ್ಕಿಸಿದೆ. ನಕ್ಕೆನೇನೋ ನಿಜ, ಆದರೆ ಆ ವಾರ ಹಿತ್ತಲ ಕಡೆಯಿಂದಲೇ ಬಂದೆ.

ಯಾರನ್ನಾದರೂ ಕೇಳಬಹುದಿತ್ತು. ಕಂಪ್ಯೂಟರ್ ರಿಪೇರಿಗೆ ಬೆಂಗಳೂರಿನಿಂದ ಒಬ್ಬ ಎಂಜಿನಿಯರ್ ತಿಂಗಳಿಗೊಮ್ಮೆ ಬರುತ್ತಿದ್ದರು, ಫೋನ್ ನಂಬರೂ ಇತ್ತು. ಮೊದಲ ಸಲ ಬಂದಾಗ ನಾನು ಸಂಭ್ರಮದಿಂದ ಕನ್ನಡದಲ್ಲಿ ಮಾತಾಡಿಸಿದ್ದೆ. ಅವರು ತಲೆಯೆತ್ತಿ ನೋಡಿ, "ಓ, ಇದು ಕನ್ನಡವಾ? ನಾನು ತಮಿಳು ಅಂದ್ಕೊಂಡೆ," ಎಂದು ನಕ್ಕಿದ್ದರು. ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ. ಆದರೂ ಆವತ್ತಿನಿಂದ ಅವರೆದುರು ನಾನು ಬಾಯಿ ಬಿಟ್ಟರೆ ಇಂಗ್ಲಿಷಿನಲ್ಲಿ ಯೆಸ್, ನೋ ಅಷ್ಟೇ. ಅವರಿಗೆ ಫೋನ್ ಮಾಡಿ ವಿವರವಾಗಿ ಹೇಳುವಷ್ಟು ಇಂಗ್ಲಿಷು ನನಗಿರಲಿಲ್ಲ, ನನ್ನ ಮನೆಯ ಕನ್ನಡದಲ್ಲಿ ಹೇಳಲು ನಾಚಿಕೆ. ಸುಮ್ಮನಾದೆ. ಆ ಬಿಗುಮಾನಕ್ಕೆ ಇವತ್ತಿಗೂ ನನ್ನ ಮೇಲೆ ನನಗೆ ಸಿಟ್ಟಿದೆ.

ಸೋಮವಾರ ಸಂಜೆ, ಗಾಂಧಿಪುರದಲ್ಲಿ ಜೊತೆಗೆ ಕಲಿತ ಗೆಳತಿ ಕೊಟ್ಟಿದ್ದ ಒಂದು ಪ್ರೋಗ್ರಾಮನ್ನು ಹಾಕಿ ನೋಡಿದೆ. ಮಾಮೂಲಿ ಪಟ್ಟಿಯಲ್ಲಿ ಕಾಣದ ಫೈಲುಗಳನ್ನೂ ಅದು ತೋರಿಸುತ್ತಿತ್ತು. ಎಲ್ಲಕ್ಕಿಂತ ಮೇಲೆ ಎರಡು ಫೈಲುಗಳು ಬಚ್ಚಿಟ್ಟುಕೊಂಡಿದ್ದವು. ನಾನು ಅವುಗಳ ಹೆಸರನ್ನು ಎಂದೂ ಕಂಡಿರಲಿಲ್ಲ, ನಾನು ಮಾಡಿದ್ದವೂ ಅಲ್ಲ. ಅವುಗಳ ತಾರೀಖು ಕಂಪ್ಯೂಟರ್ ನಮ್ಮ ಫೌಂಡ್ರಿಗೆ ಬರುವುದಕ್ಕಿಂತ ಹಿಂದಿನದು. ಒಳ್ಳೆಯವರು ಯಾಕೆ ಬಚ್ಚಿಟ್ಟುಕೊಳ್ಳುತ್ತಾರೆ? ನನ್ನ ಬುದ್ಧಿ ಓಡಿದ್ದು ಅಷ್ಟೇ ದೂರ. ಎರಡನ್ನೂ ಅಳಿಸಿದೆ. ಏನೂ ಆಗಲಿಲ್ಲ. ಹತ್ತು ನಿಮಿಷ ಕಾದೆ, ಚುಕ್ಕಿಯೂ ಬರಲಿಲ್ಲ. ಸ್ವಿಚ್ ಆರಿಸಿ, ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು, ನಾನೂ ಒಬ್ಬಳು ಗಟ್ಟಿಗಿತ್ತಿ ಎಂದುಕೊಂಡು ಮನೆಗೆ ಬಂದೆ.

ಮಂಗಳವಾರ ಬೆಳಿಗ್ಗೆ ಸ್ವಿಚ್ ಹಾಕಿದರೆ ಕಪ್ಪು ಪರದೆಯ ಮೇಲೆ ಒಂದೇ ಸಾಲು. ಇದು ಸಿಸ್ಟಂ ಡಿಸ್ಕ್ ಅಲ್ಲ, ಬದಲಾಯಿಸಿ ಯಾವುದಾದರೂ ಕೀ ಒತ್ತು. ಕೀ ಒತ್ತಿದೆ. ಮತ್ತೆ ಅದೇ. ಆರಿಸಿ ಹಾಕಿದೆ, ಅದೇ. ಆ ಪೆಟ್ಟಿಗೆಯೊಳಗೆ ನಲವತ್ತಕ್ಕೂ ಹೆಚ್ಚು ಜನರ ಎರಡೆರಡು ವರ್ಷದ ಬಿಸಿಲು, ಮರಳು, ಸುಟ್ಟ ಗಾಯ ಎಲ್ಲ ಇತ್ತು. ಅಪ್ಪನದೂ ಇತ್ತು. ಕಾರ್ಡುಗಳು ಬೂದಿಯಾಗಿದ್ದವು.

ಕಂಪ್ಯೂಟರಿನ ಜೊತೆ ಬಂದಿದ್ದ ಮೂಲ ಫ್ಲಾಪಿ ನೆನಪಾಯಿತು. ಅದನ್ನು ಹಾಕಿದರೆ ಎಂಥ ಕಂಪ್ಯೂಟರೂ ಏಳುತ್ತದೆ ಎಂದು ಕ್ಲಾಸಿನಲ್ಲಿ ಹೇಳಿಕೊಟ್ಟಿದ್ದರು. ಡಬ್ಬಿಯಿಂದ ತೆಗೆದು ಕವರಿನಿಂದ ಎಳೆದೆ. ಎಳೆದವಳು ಹಾಗೇ ನಿಂತೆ.

ಮೂರು ವಾರ ಹಿಂದೆ ಆಯುಧಪೂಜೆ ಆಗಿತ್ತು. ಫೌಂಡ್ರಿಯಲ್ಲಿ ಸುತ್ತಿಗೆಯಿಂದ ಹಿಡಿದು ತೂಕದ ಯಂತ್ರದವರೆಗೆ ಎಲ್ಲಕ್ಕೂ ಗಂಧ ಕುಂಕುಮ. ಕಂಪ್ಯೂಟರ್ ಕೋಣೆಯ ಪೂಜೆ ನನ್ನದು. ಪರದೆಗೆ, ಕೀಬೋರ್ಡಿಗೆ ಇಟ್ಟ ಮೇಲೆ ಫ್ಲಾಪಿಗಳನ್ನು ಬಿಡುವುದು ಹೇಗೆ? ನಮ್ಮ ಮನೆಯಲ್ಲಿ ಲಾಳಿಗೆ, ಹಣಿಗೆಗೆ ಎಲ್ಲಕ್ಕೂ ಇಡುತ್ತೇವೆ, ಒಂದನ್ನು ಬಿಟ್ಟರೂ ಅದು ಮುನಿಯುತ್ತದೆ ಅನ್ನುವ ನಂಬಿಕೆ. ಮುಸುಕು ಹಾಕಿದ ದೇವರಿಗೆ ಪೂಜೆ ಮಾಡಿದ ಹಾಗಾಗಬಾರದೆಂದು ಹತ್ತಕ್ಕೆ ಹತ್ತೂ ಫ್ಲಾಪಿಗಳನ್ನು ಕವರಿನಿಂದ ತೆಗೆದೆ. ನಡುವೆ ಒಂದು ಉದ್ದನೆಯ ಕಂಡಿ, ಅದರೊಳಗೆ ಹೊಳೆಯುವ ಕಂದು ಫಿಲ್ಮು. ಅದೇ ಅದರ ಮುಖ ಇರಬೇಕೆಂದು ಸರಿಯಾಗಿ ಅಲ್ಲಿಗೇ ತೇದ ಗಂಧದ ಬೊಟ್ಟು, ಅದರ ಮೇಲೆ ಕುಂಕುಮ. ಭಕ್ತಿಯಿಂದಲೇ ಇಟ್ಟಿದ್ದೆ. ಹಾಜರಿಯ ನಕಲು ಇದ್ದ ಫ್ಲಾಪಿಗಳೂ ಆ ಹತ್ತರಲ್ಲೇ ಇದ್ದವು.

ಈಗ ಗಂಧ ಒಣಗಿ ಗಟ್ಟಿಯಾಗಿ ಮೆತ್ತಿಕೊಂಡಿತ್ತು. ಆದದ್ದಾಗಲಿ ಎಂದು ಹಾಕಿದೆ. ಕರ್ರ್ ಕರ್ರ್ ಎಂದು ಕೆರೆಯುವ ಸದ್ದು ಬಂದು ನಿಂತಿತು. ಆ ಸದ್ದು ನನ್ನ ಹಲ್ಲಿನೊಳಗೆ ಇಳಿಯಿತು. ತಕ್ಷಣ ಹೊರಗೆ ಎಳೆದೆ.

ಇನ್ನು ನಾಚಿಕೆ ಇಟ್ಟುಕೊಂಡು ಏನು ಮಾಡುವುದು. ಬೆಂಗಳೂರಿಗೆ ಟ್ರಂಕ್ ಕಾಲ್ ಹಾಕಿಸಿ, ಎಲ್ಲವನ್ನೂ ನನ್ನ ಕನ್ನಡದಲ್ಲೇ ಹೇಳಿದೆ. ಎಂಜಿನಿಯರ್ ನಗಲಿಲ್ಲ.

"ಆ ಎರಡು ಫೈಲು ಕಂಪ್ಯೂಟರಿನವೇ. ಅವಿಲ್ಲದೆ ಅದು ಏಳೋದಿಲ್ಲ," ಅಂದರು. "ಯಾರೂ ಕೈ ಹಾಕಬಾರದು ಅಂತಲೇ ಬಚ್ಚಿಟ್ಟಿರ್ತಾರೆ. ವೈರಸ್ ಇರೋದು ಫೈಲಿನ ಹೆಸರು ಹೊತ್ತುಕೊಂಡಲ್ಲ, ಡಿಸ್ಕಿನ ಮೊದಲನೇ ಜಾಗದಲ್ಲಿ. ಅನುಮಾನ ಬಂದ ಫೈಲನ್ನ ಮೊದಲು ನಕಲು ಮಾಡ್ಕೋಬೇಕು, ಹೆಸರು ಬದಲಿಸಿ ನೋಡ್ಬೇಕು, ಅಳಿಸೋದು ಕಟ್ಟಕಡೆಗೆ."

"ಹಾಜರಿ ಹೋಯ್ತಾ ಸಾರ್?"

"ಹೋಗಿರಲಾರದು. ಆದ್ರೆ ಇನ್ನು ಅದರ ಮೇಲೆ ಏನೂ ಬರೀಬೇಡಿ. ಅದೇ ಮೂಲ ಫ್ಲಾಪಿ ಬೇಕು. ಅದರಿಂದ ಎಬ್ಬಿಸಿ, ಸಿಸ್ಟಂ ಫೈಲುಗಳನ್ನ ಮತ್ತೆ ಕಳಿಸಿದ್ರೆ ಸರಿಹೋಗುತ್ತೆ. ನಾನು ಬರೋದು ಹತ್ತು ದಿನ ಆಗುತ್ತೆ. ಗಂಧ ಮೆತ್ತಿರೋದನ್ನ ಮಾತ್ರ ಮತ್ತೆ ಒಳಗೆ ಹಾಕಬೇಡಿ, ತಾಯಿ."

ಹತ್ತು ದಿನ. ನನಗಿದ್ದದ್ದು ನಾಲ್ಕು. ನಮ್ಮ ಕೈಗಾರಿಕಾ ಎಸ್ಟೇಟಿನ ಬೇರೆ ಎರಡು ಕಂಪನಿಗಳಿಗೆ ಫೋನ್ ಮಾಡಿ ಮೂಲ ಫ್ಲಾಪಿ ಕೇಳಿದೆ. ವೈರಸ್ಸಿನ ಸುದ್ದಿ ಅವರನ್ನೂ ಮುಟ್ಟಿತ್ತು. ಫ್ಲಾಪಿ ಹೊರಗೆ ಕೊಡುವುದಿಲ್ಲ ಎಂದು ಇಬ್ಬರೂ ಫೋನ್ ಇಟ್ಟರು. ಮ್ಯಾನೇಜರಿಗೆ ಮಾತ್ರ, ಶುಕ್ರವಾರದವರೆಗೆ ಯಂತ್ರ ಮುಟ್ಟಬಾರದೆಂದು ಎಂಜಿನಿಯರ್ ಹೇಳಿದ್ದಾರೆ ಅಂತ ಸುಳ್ಳು ಹೇಳಿದೆ. ಆಟದ ಫ್ಲಾಪಿ ತಂದವರು ಅವರೇ ಆದ್ದರಿಂದ ಹೆಚ್ಚು ಕೇಳಲಿಲ್ಲ.

ಆ ಸಂಜೆ ಅಪ್ಪ ಕೈಕಾಲಿನ ಮರಳು ತೊಳೆದುಕೊಂಡು ಬಂದು ಕೂತಾಗ ಹೇಳಿಬಿಟ್ಟೆ. ಬೈದರೆ ಸಾಕು ಅನ್ನಿಸಿತ್ತು. ಅವನು ಬೈಯಲಿಲ್ಲ. ಬಹಳ ಹೊತ್ತು ಮಗ್ಗದ ಕಡೆ ನೋಡಿದ. ಆಗ ಕಂಡ ಅವನ ಮುಖ ನೆನೆದರೆ ಈಗಲೂ ಭಯವಾಗುತ್ತದೆ. ಅವನಿಗೆ ವಯಸ್ಸಾಗಿದೆ ಎಂದು ನನಗೆ ತಿಳಿದದ್ದು ಆಗಲೇ.

"ಕಟ್ಟೋಕ್ ಮುಂಚೆ ಕುಯ್ದುಬಿಟ್ಟೆ," ಅಂದ.

"ಹೂಂ."

"ಅದ್ರೊಳಗೆ ಏನೈತೆ ಕಣ್ಣು? ಆ ಗಂಧ ಮೆತ್ತಿರೋದ್ರಾಗೆ?" ಅಕ್ಕರೆ ಬಂದಾಗ ಅವನು ನನ್ನನ್ನು ತಮಿಳರ ಹಾಗೆ ಕಣ್ಣು ಎಂದೇ ಕರೆಯುತ್ತಿದ್ದ.

ಕ್ಲಾಸಿನಲ್ಲಿ ಕೆಟ್ಟ ಫ್ಲಾಪಿಯೊಂದನ್ನು ಹರಿದು ತೋರಿಸಿದ್ದರು. ತಟ್ಟೆಯಂಥ ಗುಂಡನೆಯ ತೆಳು ಫಿಲ್ಮು, ಮೇಲೊಂದು ಚೌಕದ ಹೊದಿಕೆ ಎಂದು ಹೇಳಿದೆ.

"ಹಂಗಾದ್ರೆ ಹೊದಿಕೆ ಬಿಚ್ಚಿ ತೊಳ್ಯಾದು. ಮದ್ವೆ ಸೀರೆ ಮ್ಯಾಲೆ ಗಂಧ ಚೆಲ್ಲಿದ್ರೆ ಬಿಸಾಕ್ತೀವಾ?" ಅಂದ.

ಬುಧವಾರ ಫ್ಲಾಪಿಗಳನ್ನು ಮನೆಗೆ ತರಬೇಕಿತ್ತು. ಕಂಪನಿಯ ಸಾಮಾನು ಒಂದು ಮೊಳೆ ಹೊರಗೆ ಹೋದರೂ ಗೇಟಿನಲ್ಲಿ ಹಿಡಿಯುತ್ತಿದ್ದರು. ಗಂಧ ಮೆತ್ತಿದ್ದ ಎರಡು, ಪೂಜೆಯ ನಂತರ ತರಿಸಿದ್ದ ಹೊಸವು ಎರಡು, ನಾಲ್ಕನ್ನೂ ವಾರಪತ್ರಿಕೆಯ ಹಾಳೆಗಳ ನಡುವೆ ಇಟ್ಟುಕೊಂಡು ಹೊರಟೆ. ಕುಂಬಳಕಾಯಿ ಕಳ್ಳ ಅನ್ನುವ ಮೊದಲೇ ನಾನು ಹೆಗಲು ಮುಟ್ಟಿ ನೋಡಿಕೊಳ್ಳುತ್ತಿದ್ದೆ. ಗೇಟಿನವನು ಚೀಲ ಬಿಚ್ಚಿಸಿ, ಡಬ್ಬಿ ತೆಗೆಸಿ, ಪತ್ರಿಕೆಯ ಮೇಲೆ ಕೈಯಿಟ್ಟು, "ಓದಿದ ಮೇಲೆ ನನಗೆ ಕೊಡಮ್ಮಾ, ಧಾರಾವಾಹಿ ಬಿಟ್ಟುಹೋಗಿದೆ," ಅಂದ. ಚೀಲ ಎತ್ತಿಕೊಂಡು ಬಸ್ಸಿಗೆ ಓಡಿದೆ.

ಮನೆಗೆ ಬಂದು ಮೂಲ ಫ್ಲಾಪಿಯನ್ನು ಅಪ್ಪನ ಮುಂದಿಟ್ಟೆ. ಅವನು ಅದನ್ನು ಪಕ್ಕಕ್ಕೆ ಸರಿಸಿದ.

"ಇದಲ್ಲ, ಮೊದ್ಲು ಇನ್ನೊಂದು. ಅದು ಕೆಟ್ರೆ ಕೆಡ್ಲಿ."

"ದಿನ ಇಲ್ಲೆಪ್ಪಾ. ನಾಳಿದ್ದು ಶುಕ್ರವಾರ."

"ದಿನ ಇಲ್ಲೆ ಅಂತಾನೇ ನೀನು ಮೊನ್ನೆ ಅಳ್ಸಿದ್ದು," ಅಂದ. ನಾನು ಇನ್ನೊಂದನ್ನು ಅವನ ಮುಂದಿಟ್ಟೆ.

ನಮ್ಮ ಬಾವಿಯ ನೀರು ಉಪ್ಪು, ಒಣಗಿದರೆ ಬಿಳಿ ಕಲೆ ಉಳಿಯುತ್ತದೆ. ಅವ್ವ ಕುಡಿಯಲು ಹಿಡಿದಿಟ್ಟಿದ್ದ ಸಿರುವಾಣಿ ಹೊಳೆಯ ಸಿಹಿನೀರಿನ ಕೊಡವನ್ನು ಗೊಣಗದೆ ತಂದಿಟ್ಟಳು. ಅಂಟುವಾಳ ನೆನೆಸಿ ನೊರೆ ಮಾಡಿ ಸೋಸಿದಳು. ಅಪ್ಪ ಹೊಸ ಬ್ಲೇಡಿನಿಂದ ಹೊದಿಕೆಯ ಒಂದು ಅಂಚನ್ನು ಸೀಳಿ, ಫಿಲ್ಮನ್ನು ನಡುವಿನ ತೂತಿನಲ್ಲಿ ಬೆರಳು ಹಾಕಿ ಹೊರತೆಗೆದ. ಆಮೇಲೆ ಕೈ ತಡೆದ. ಎರಡು ವರ್ಷ ಮರಳು ಹಿಸುಕಿ ಅವನ ಬೆರಳುಗಳ ತುದಿ ಬಿರುಕುಬಿಟ್ಟು ಒರಟಾಗಿತ್ತು.

"ಇದು ಈಗ ನೇಯೋ ಕೈ ಅಲ್ಲ, ಗೀಚ್ಬುಡ್ತದೆ," ಎಂದು ಅವ್ವನಿಗೆ ಕೊಟ್ಟ.

ಅವ್ವ ಹಳೆಯ ಮಲ್ಲಿನ ಬಟ್ಟೆಯನ್ನು ಬೆರಳಿಗೆ ಸುತ್ತಿಕೊಂಡು, ಮಗುವಿನ ಹಣೆ ಒರೆಸುವ ಹಾಗೆ ಒರೆಸಿದಳು. ವೈರಸ್ಸಿನ ಹೆದರಿಕೆ ಅವಳಿಗೆ ಹೋಗಿರಲಿಲ್ಲ, ತುಟಿ ಒಳಗೇ ಮಾರಿಯಮ್ಮನ ಹೆಸರು ಹೇಳುತ್ತಿದ್ದಳು. ಕುಂಕುಮ ನೀರಿಗೆ ಇಳಿಯಿತು. ನೆರಳಿನಲ್ಲಿ ಒಣಗಿಸಿ, ಹೊಸ ಫ್ಲಾಪಿಯೊಂದರ ಹೊದಿಕೆಯೊಳಗೆ ಸೇರಿಸಿದೆವು.

ಗುರುವಾರ ಬೆಳಿಗ್ಗೆ ಅದನ್ನು ಹಾಕಿ ಕಣ್ಣು ಮುಚ್ಚಿ ಕೇಳಿದೆ. ಕೆರೆಯುವ ಸದ್ದಿಲ್ಲ. ಮೆಲ್ಲಗೆ ತಿರುಗಿ, ಇದು ಸಿಸ್ಟಂ ಡಿಸ್ಕ್ ಅಲ್ಲ ಅಂದಿತು. ಬೈಗುಳ ಅದೇ, ಆದರೆ ಈ ಸಲ ಫ್ಲಾಪಿಯನ್ನು ಓದಿ ನೋಡಿ ಬೈದದ್ದು. ಅದರಲ್ಲಿ ಹಾಜರಿಯ ನಕಲಷ್ಟೇ ಇತ್ತು, ಅದೂ ಆರು ತಿಂಗಳ ಹಳೆಯದು. ಆ ಸಂಜೆ ಮೂಲ ಫ್ಲಾಪಿಯನ್ನು ತೊಳೆದೆವು. ನಾನು ಮಗ್ಗದ ಗುಂಡಿಯ ಅಂಚಿನಲ್ಲಿ ಕೂತು ನೋಡುತ್ತಿದ್ದೆ. ಅವ್ವನ ಬೆರಳು ಒಂದು ಸಲ ಜಾರಿದಾಗ ಮೂವರೂ ಉಸಿರು ಹಿಡಿದೆವು. ಎಂಜಿನಿಯರ್ ಮತ್ತೆ ಫೋನಿನಲ್ಲಿ ಹೇಳಿದ್ದ ಹಾಗೆ, ಒಳಗಿನ ಕಾಯಿಲೆ ಇದಕ್ಕೆ ಹತ್ತದಿರಲೆಂದು ಅದನ್ನು ಸೇರಿಸಿದ ಎರಡನೇ ಹೊಸ ಹೊದಿಕೆಯ ಪಕ್ಕದ ಕಚ್ಚಿಗೆ ಪಟ್ಟಿ ಅಂಟಿಸಿದೆ.

ಶುಕ್ರವಾರ ಊಟದ ಹೊತ್ತಿಗೆ ಮ್ಯಾನೇಜರ್ ಹೊರಗೆ ಹೋಗಿದ್ದರು. ಅಪ್ಪ ಎಂದೂ ಆ ತಂಪು ಕೋಣೆಗೆ ಬಂದವನಲ್ಲ. ಆವತ್ತೂ ಒಳಗೆ ಬರಲಿಲ್ಲ, ಗಾಜಿನ ಬಾಗಿಲಿನ ಆಚೆ ಬರಿಗಾಲಲ್ಲಿ ನಿಂತ. ಫ್ಲಾಪಿ ಹಾಕಿ ಸ್ವಿಚ್ ಒತ್ತಿದೆ. ಕೆಂಪು ದೀಪ ಹೊತ್ತಿತು. ತಿರುಗಿತು, ನಿಂತಿತು, ಮತ್ತೆ ತಿರುಗಿತು. ಇದು ಸಿಸ್ಟಂ ಡಿಸ್ಕ್ ಅಲ್ಲ ಅನ್ನುವ ಸಾಲಿಗಾಗಿ ನಾನು ಕಾದೆ. ಬದಲಿಗೆ ಅದು ಇವತ್ತಿನ ತಾರೀಖು ಏನು ಎಂದು ಕೇಳಿತು. ತಾರೀಖನ್ನು ಎರಡು ಸಲ ತಪ್ಪು ಹೊಡೆದೆ.

ಒಳಗಿನ ಡಿಸ್ಕಿನ ಪಟ್ಟಿ ಕೇಳಿದೆ. ಸಾಲುಸಾಲಾಗಿ ಇಳಿಯಿತು. ಹಾಜರಿ ಫೈಲು ಇತ್ತು. ಮೊದಲು ಅದನ್ನು ಕೋಣೆಯಲ್ಲೇ ಉಳಿದಿದ್ದ ಇನ್ನೊಂದು ಹೊಸ ಫ್ಲಾಪಿಗೆ ನಕಲು ಮಾಡಿಕೊಂಡೆ. ಅಷ್ಟರಮಟ್ಟಿಗೆ ಬುದ್ಧಿ ಬಂದಿತ್ತು. ಆಮೇಲೆ ಸಿಸ್ಟಂ ಫೈಲುಗಳನ್ನು ಕಳಿಸುವ ಆಜ್ಞೆ ಹೊಡೆದೆ. ಫ್ಲಾಪಿ ತೆಗೆದು, ಆರಿಸಿ, ಮತ್ತೆ ಹಾಕುವ ಧೈರ್ಯ ಬರಲು ಐದು ನಿಮಿಷ ಬೇಕಾಯಿತು. ಯಂತ್ರ ತಾನಾಗಿಯೇ ಎದ್ದಿತು. ಆ ಎರಡು ಫೈಲುಗಳು ಮತ್ತೆ ತಮ್ಮ ಜಾಗದಲ್ಲಿ ಬಚ್ಚಿಟ್ಟುಕೊಂಡಿದ್ದವು. ಪುಟಿಯುವ ಚುಕ್ಕಿ ಆಮೇಲೆ ಬರಲಿಲ್ಲ. ಸಿಸ್ಟಂ ಕಳಿಸುವಾಗ ಡಿಸ್ಕಿನ ಮೊದಲನೇ ಜಾಗವನ್ನೂ ಹೊಸದಾಗಿ ಬರೆಯುತ್ತದೆ, ವೈರಸ್ ಅದರಲ್ಲೇ ಹೋಯಿತು ಎಂದು ಎಂಜಿನಿಯರ್ ಬಂದಾಗ ತಿಳಿಸಿದರು. ಕಳ್ಳನನ್ನು ಬಿಟ್ಟು ಕಾವಲಿನವನನ್ನು ಹೊಡೆದು ಹಾಕಿದ್ದೆ ನಾನು.

ಅಪ್ಪನ ಸಾಲು ತೆರೆದೆ. ನಾನೂರ ತೊಂಬತ್ತೊಂದು ದಿನ. ಗಾಜಿನ ಹತ್ತಿರ ಹೋಗಿ ಬೆರಳಿನಲ್ಲಿ ಬರೆದು ತೋರಿಸಿದೆ. ಅವನು ತಲೆಯಾಡಿಸಿ ಮರಳಿನ ಕಡೆ ಹೊರಟುಹೋದ. ನಾನು ಕೀಬೋರ್ಡಿನ ಮೇಲೆ ತಲೆಯಿಟ್ಟು ಅತ್ತೆ.

ಶನಿವಾರ ಪಟ್ಟಿ ಮೊದಲಾಳಿಯ ಮೇಜಿಗೆ ಹೋಯಿತು. ಮುಂದಿನ ತಿಂಗಳು ಅಪ್ಪ ಕಾಯಂ ಆದ. ಕಾಗದ ಕೈಗೆ ಬಂದ ಭಾನುವಾರ ಬೆಳಿಗ್ಗೆ ನಾನು ಅಂಗಳದಲ್ಲಿ ಕೂದಲು ಒಣಗಿಸಿಕೊಳ್ಳುತ್ತಿದ್ದೆ. ಒಳಗಿನಿಂದ ಚರ್ರ್, ಚರ್ರ್ ಎಂದು ಮೆಲ್ಲನೆಯ ಸದ್ದು ಬಂತು. ಫ್ಲಾಪಿ ಕೆರೆದ ಸದ್ದೇ ಕೇಳಿದಂತಾಗಿ ಓಡಿದೆ. ಅಪ್ಪ ಮಗ್ಗದ ಮುಂದೆ ಕೂತು, ಫ್ಲಾಪಿ ಸೀಳಿದ್ದ ಅದೇ ಬ್ಲೇಡಿನಿಂದ ಹಣಿಗೆಯಲ್ಲಿ ಉಳಿದಿದ್ದ ಎಳೆಗಳ ತುದಿಗಳನ್ನು ಕೊಯ್ಯುತ್ತಿದ್ದ.

"ಅಪ್ಪಾ, ಬ್ಯಾಡ," ಅಂದೆ. ಆ ಐದು ದಿನಗಳಲ್ಲಿ ಆಗದಷ್ಟು ಹೆದರಿಕೆ ಆಗ ಆಯಿತು.

"ಯಾಕ್ ಕಣ್ಣು? ಹೊಸ್ದು ಕಟ್ಟಾತಲ್ಲ," ಅಂದ. ಕೈ ನಿಲ್ಲಿಸಲಿಲ್ಲ.

ಅವ್ವ ಆ ತುಂಡುಗಳನ್ನು ಬಾಚಿ ಒಂದು ಡಬ್ಬಿಗೆ ಹಾಕಿಟ್ಟಳು. ಮುಂದಿನ ಒಂದು ವರ್ಷ ನಾನು ಕೆಲಸಕ್ಕೆ ಮುಡಿದುಕೊಂಡು ಹೋದ ಕನಕಾಂಬರವನ್ನೆಲ್ಲ ಅವಳು ಕಟ್ಟಿದ್ದು ಅವುಗಳಿಂದಲೇ. ಮತ್ತೆ ಆಯುಧಪೂಜೆ ಬಂದಾಗ ಡಬ್ಬಿ ಖಾಲಿಯಾಗಿತ್ತು. ನಾನು ಫ್ಲಾಪಿಗಳಿಗೆ ಗಂಧ ಇಡಲಿಲ್ಲ. ಅಪ್ಪ ಮಾತ್ರ ಫೌಂಡ್ರಿಯ ಪೂಜೆ ಮುಗಿಸಿ ಮನೆಗೆ ಬಂದು, ಸ್ನಾನ ಮಾಡಿ, ಎಳೆಯಿಲ್ಲದ ಹಣಿಗೆಗೆ ಬೊಟ್ಟಿಟ್ಟ.